ಪೇಸ್ಟ್ ಹಚ್ಚಿದ ಐದನೇ ದಿನ

ಪ್ರವಾಸದ ಯೋಜನೆ ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಇಂಡಿ ತಾಲೂಕಿನಲ್ಲಿ ಯಾರೂ ಇರಲಿಲ್ಲ. ಇದು ಜಂಭದ ಮಾತೆಂದು ಗೊತ್ತು. ಆ ಜಂಭದ ಕಥೆಯನ್ನೇ ಹೇಳಹೊರಟಿದ್ದೇನೆ. ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಭೂಗೋಳ ಕಲಿಸಿದ ಪಂಢರಿನಾಥ ಮಾಸ್ತರ ನಾನು. ವರ್ಷಕ್ಕೊಮ್ಮೆ ಅರವತ್ತು ಹುಡುಗರನ್ನು ಬಸ್ಸಿನಲ್ಲಿ ತುಂಬಿಕೊಂಡು ಹೋಗಿ, ಒಂದು ಡಬ್ಬಿಯ ಮುಚ್ಚಳವೂ ಕಳೆಯದಂತೆ ತಿರುಗಿ ತಂದವನು. ದೊಡ್ಡ ಹಾಳೆಯ ಮೇಲೆ ಪಟ್ಟಿ ಇಟ್ಟು ಗೆರೆ ಎಳೆದು, ಎಡಕ್ಕೆ ವೇಳೆ, ನಡುವೆ ಊರು, ಬಲಕ್ಕೆ ಅಲ್ಲಿ ಮಾಡುವ ಕೆಲಸ ಬರೆಯುತ್ತಿದ್ದೆ. ಬರೆದದ್ದರಲ್ಲಿ ಒಂದು ಸಾಲು ಅಳಿಸಿರಿ ಎಂದು ಯಾರಾದರೂ ಅಂದರೆ ನನಗೆ ಮೈ ಉರಿಯುತ್ತಿತ್ತು.

ಎರಡು ಸಾವಿರದ ಎಂಟರ ಮಳೆಗಾಲ ಮುಗಿಯುವಾಗ ನನ್ನ ಮೇಜಿನ ಮೇಲಿದ್ದ ಹಾಳೆ ನಾಶಿಕದ್ದು. ಹೋಗುವವರು ಮೂವರು: ನಾನು, ನನ್ನ ಗೆಳೆಯ ಬಸಂತರಾಯರು, ಅವರ ಮಗ ಸಂಗಮೇಶ. ಊರ ಹೊರಗೆ ಹನ್ನೆರಡು ಎಕರೆ ದ್ರಾಕ್ಷಿ ತೋಟ ಮಾಡಿಕೊಂಡಿದ್ದ ಬಸಂತರಾಯರಿಗೆ ಆಗ ಐವತ್ತೆಂಟು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಬಾಯಿಗೆ ಅಡಿಕೆಯ ಚೂರನ್ನೂ ಹಾಕದ ಮನುಷ್ಯ. ಆದರೂ ವೈನ್ ಮಾಡುವ ಸೀಮೆಯನ್ನು ನೋಡಬೇಕೆಂಬ ಆಸೆ ಹುಟ್ಟಿದ್ದು ಅವರಿಗೇ.

"ಮಾಸ್ತರ್ರ, ಮೂವತ್ತು ವರ್ಷ ದ್ರಾಕ್ಷಿ ಬೆಳದೇನಿ," ಎಂದು ಒಂದು ಸಂಜೆ ತೋಟದ ಕಟ್ಟೆಯ ಮೇಲೆ ಕೂತು ಅಂದಿದ್ದರು. "ತಿನ್ನಾಕ ಕಳಿಸೇನಿ, ಒಣಗಿಸಿ ಮಣೂಕ ಮಾಡೇನಿ. ಈ ಹಣ್ಣಿಗಿ ಇನ್ನೊಂದು ಮಾರಿ ಐತೆಲ್ಲ, ಅದನ್ನ ಮಾತ್ರ ನೋಡೇ ಇಲ್ಲ. ಒಂದ್ಸಲ ನೋಡಬೇಕ್ರಿ. ಒಂದ ಗುಟುಕು ರುಚಿನೂ ನೋಡಬೇಕು."

ಹೀಗೆ ಅಂದವರೇ ಸುತ್ತಮುತ್ತ ನೋಡಿ ಲಿಂಗದ ಮೇಲೆ ಕೈ ಇಟ್ಟುಕೊಂಡರು. ಸೆರೆ, ಅಂದರೆ ಹೆಂಡ, ಮುಟ್ಟುವ ಪಾಪದ ಅಂಜಿಕೆ. ಆ ಅಂಜಿಕೆ ಬಿಡಿಸಿದವನು ನಾನೇ. ನನಗೆ ನಾಶಿಕಕ್ಕೆ ಹೋಗಬೇಕಾಗಿತ್ತು, ಜೀಪು ಅವರದಾಗಿತ್ತು, ಜೊತೆಗೆ ನನ್ನ ನಾಲಿಗೆಗೂ ಆಸೆ ಇತ್ತು, ಮುಚ್ಚಿಡುವುದೇನು?

"ವೈನು ಸೆರೆ ಅಲ್ರೀ ಸಾವಕಾರ್ರ," ಅಂದೆ. "ಸೆರೆ ಅಂದ್ರ ಬೆಂಕಿ ಮ್ಯಾಲ ಕುದಿಸಿ ಭಟ್ಟಿ ಇಳಸೋದು. ಇದಕ್ಕ ಬೆಂಕಿ ಸೋಂಕೋದೇ ಇಲ್ಲ. ಹಣ್ಣಿನ ರಸ, ಇಟ್ಟಲ್ಲೇ ಹದಕ್ಕ ಬರ್ತದ. ಹೃದಯಕ್ಕ ಛಲೋ ಅಂತ ಡಾಕ್ಟರ್ರೇ ಹೇಳ್ತಾರ."

ಕಪ್ಪುಹಲಗೆಯ ಮುಂದೆ ನಿಂತು ಹೇಳಿದ ಹಾಗೆ ಹೇಳಿದ್ದೆ. ಅವರು ನಂಬಿದರು. ನಾನು ಹೇಳಿದ್ದನ್ನು ಅವರು ನಂಬದೇ ಇದ್ದದ್ದು ಯಾವತ್ತೂ ಇಲ್ಲ.

ಯೋಜನೆ ಹೀಗಿತ್ತು: ಬುಧವಾರ ನಸುಕಿಗೆ ಇಂಡಿ ಬಿಟ್ಟು ಸೋಲಾಪುರ, ಅಹಮದನಗರ, ರಾತ್ರಿ ಶಿರಡಿ. ಗುರುವಾರ ಮುಂಜಾನೆ ತ್ರ್ಯಂಬಕೇಶ್ವರನ ದರ್ಶನ. ಇದು ಬಸಂತರಾಯರ ಹೆಂಡತಿ ಚನ್ನವ್ವನ ಸಮಾಧಾನಕ್ಕೆ. ಮಧ್ಯಾಹ್ನ ಮೂರಕ್ಕೆ ವೈನ್ ತೋಟ. ಅಲ್ಲಿ ನನ್ನ ಜಾಣತನ ನೋಡಿ: ತಂದೆ ಮಗನೆದುರು ಗ್ಲಾಸು ಹಿಡಿಯುವುದು ನಮ್ಮ ಕಡೆ ಆಗದ ಮಾತು. ಆದ್ದರಿಂದ ಸಂಗಮೇಶನನ್ನು ಹೊಸ ತಳಿಯ ಬಳ್ಳಿ ತೋರಿಸುವವರ ಜೊತೆ ತೋಟಕ್ಕೆ ಕಳಿಸುವುದು, ಅದೇ ಹೊತ್ತಿಗೆ ನಾವಿಬ್ಬರೂ ರುಚಿ ನೋಡುವ ಕೋಣೆಗೆ ಹೋಗುವುದು. ನಾನೇ ಫೋನ್ ಮಾಡಿ ಅಚ್ಚ ಮರಾಠಿಯಲ್ಲಿ ಎಲ್ಲ ಗೊತ್ತು ಮಾಡಿದ್ದೆ. ಮರಾಠಿ ನಮ್ಮ ಮನೆಯ ಮಾತು. ಬಸಂತರಾಯರಿಗೂ ಸಂಗಮೇಶನಿಗೂ ಸೋಲಾಪುರದ ಪೇಟೆಯಲ್ಲಿ ದರ ಕೇಳುವಷ್ಟು ಬರುತ್ತಿತ್ತು, ಅಷ್ಟೇ.

ತೊಂದರೆ ಇದ್ದದ್ದು ದಿನದ್ದು. ನನಗೆ ರಜೆ ಸಿಗುವುದು ದಸರೆಗೆ. ದ್ರಾಕ್ಷಿಯವರಿಗೆ ಅದು ಚಾಟ್ನಿಯ ಕಾಲ. ಬಳ್ಳಿಯನ್ನು ಕತ್ತರಿಸಿ, ಉಳಿದ ಕಡ್ಡಿಯ ಕಣ್ಣುಗಳೆಲ್ಲ ಒಂದೇ ಸಲ ಚಿಗುರಲೆಂದು ಒಂದೊಂದಕ್ಕೂ ಔಷಧ ಹಚ್ಚುತ್ತಾರೆ. ಅದಕ್ಕೇ ಪೇಸ್ಟ್ ಹಚ್ಚುವುದು ಅನ್ನುತ್ತಾರೆ. ಯಾವ ಕಣ್ಣಿಗೆ ಹಚ್ಚಿತು, ಯಾವುದು ಉಳಿಯಿತು ತಿಳಿಯಲೆಂದು ಕೆಂಪು ಬಣ್ಣ ಕಲಸಿರುತ್ತಾರೆ. ಕತ್ತರಿಸಿದ ಎರಡು ದಿನದೊಳಗೆ ಹಚ್ಚದಿದ್ದರೆ ಕಣ್ಣು ಒಣಗಿ ಆ ವರ್ಷದ ಹಣ್ಣೇ ಹೋಗುತ್ತದೆ. ಅದು ರೇಣವ್ವನ ಗುಂಪಿನ ಕೆಲಸ. ಇಪ್ಪತ್ತು ಮಂದಿ ಆಳುಗಳನ್ನು ಕಟ್ಟಿಕೊಂಡು ತೋಟದಿಂದ ತೋಟಕ್ಕೆ ಹೋಗುವ ಗಟ್ಟಿ ಹೆಂಗಸು ಅವಳು.

ಶನಿವಾರ ಮುಂಜಾನೆಗೆ ಕತ್ತರಿಸುವುದು ಮುಗಿದಿತ್ತು, ಪೇಸ್ಟ್ ಹಚ್ಚುವುದು ಮಾತ್ರ ಕಡೆಯ ಅರ್ಧ ಎಕರೆ ಉಳಿದಿತ್ತು. ಮಧ್ಯಾಹ್ನ ಆಳುಗಳ ಊರಾದ ದೇವಣಗಾಂವದಿಂದ ಸುದ್ದಿ ಬಂತು: ರೇಣವ್ವನ ಮೈದುನ ತೀರಿಕೊಂಡ. ಗುಂಪಿಗೆ ಗುಂಪೇ ಟೆಂಪೊ ಹತ್ತಿ ಹೋಯಿತು. ಬೇರೆ ಗುಂಪುಗಳು ಬೇರೆ ತೋಟಗಳಲ್ಲಿ ಸಿಕ್ಕಿಹಾಕಿಕೊಂಡಿದ್ದವು. ಸಂಗಮೇಶ ಜೀಪು ರಿಪೇರಿ ಮಾಡಿಸಿ ಹೊಸ ಟಾಯರು ಹಾಕಿಸಲು ಎರಡು ದಿನಕ್ಕೆಂದು ಸೋಲಾಪುರಕ್ಕೆ ಹೋಗಿದ್ದ, ಅದೂ ನನ್ನ ಹಾಳೆಯಲ್ಲಿ ಬರೆದ ಪ್ರಕಾರವೇ.

ಸಂಜೆ ಬಸಂತರಾಯರ ಫೋನು ಬಂತು. "ಮಾಸ್ತರ್ರ, ನಾಕು ದಿನ ಮುಂದಕ್ಕ ಹಾಕೂಣೇನ್ರಿ? ಇಲ್ಲಿ ಆಳು ಇಲ್ದಂಗ ಆಗೈತಿ."

"ಸೋಮವಾರ ನಂದು ಸಾಲಿ ಸುರು ಆಗ್ತದ್ರಿ," ಅಂದೆ. "ಅಲ್ಲಿ ಗುರುವಾರದ್ದು ಹೇಳಿ ಆಗೇದ. ಹೆಂಗರ ಮಾಡಿ ಮುಗಸ್ರಿ."

ಹೆಂಗರ ಮಾಡಿ ಎಂದರೆ ಹೇಗೆ? ನಾನು ಕೇಳಲಿಲ್ಲ. ಅವರು ತಾವೇ ಬಕೇಟು ಹಿಡಿದು ಸಾಲಿನಲ್ಲಿ ಇಳಿದರು. ಆ ವಯಸ್ಸಿನಲ್ಲಿ ಶನಿವಾರ ಸಂಜೆಯಿಂದ ರವಿವಾರ ಕತ್ತಲಾಗುವವರೆಗೆ, ಅರಿವೆಯ ತುಂಡು ಅದ್ದಿ ಅದ್ದಿ, ಒಂದೊಂದು ಕಣ್ಣಿಗೂ ಹಚ್ಚಿದರು. ಬೆವರಿಗೆ ರಬ್ಬರಿನ ಕೈಗವಸು ಜಾರುತ್ತದೆಂದು ತೆಗೆದು ಒಗೆದರಂತೆ. ಔಷಧ ಮೊಣಕೈವರೆಗೆ ಇಳಿದಿತ್ತು.

ಮಂಗಳವಾರ ನಾಲ್ಕು ಗಂಟೆಯ ಹೊತ್ತಿಗೆ ರೇಣವ್ವ ನಮ್ಮ ಮನೆಯ ಬಾಗಿಲಿಗೆ ಬಂದಳು. ಹಿಂದೆಂದೂ ಬಂದವಳಲ್ಲ. ಮೆಟ್ಟಿಲ ಕೆಳಗೇ ನಿಂತಳು, ಕೂಡ್ರು ಎಂದರೂ ಕೂಡಲಿಲ್ಲ.

"ಮಾಸ್ತರ್ರ, ನಮ್ಮ ಮೈದುನ ಸಾಯೂ ವಯಸ್ಸಿನಾಂವ ಅಲ್ರಿ," ಎಂದು ಶುರು ಮಾಡಿದಳು. "ಪೇಸ್ಟ್ ಹಚ್ಚಿ ಮೂರನೇ ದಿನಕ್ಕ ಕುಡದ. ಮಾರಿ ಕೆಂಪಗಾತು, ಎದಿ ಹಾರಾಕತ್ತು, ಉಸರ ಸಿಗಲಿಲ್ಲ. ಅದನ್ನ ಹಚ್ಚಿದಾವರು ಎಂಟು ದಿನ ಸೆರೆ ಮುಟ್ಟಬಾರದ್ರಿ. ಮೈಯಾಗ ಇಳದಿರತೈತಿ ಅದು. ನಮ್ಮ ಮಂದಿಗೆಲ್ಲ ಗೊತ್ತೈತಿ. ಅಂವಗೂ ಗೊತ್ತಿತ್ತು, ತಡೀಲಾರದ ಕುಡದ."

ಪಾಪ ಎಂದೆ. ಅವಳು ಹೋಗಲಿಲ್ಲ.

"ಸಾವಕಾರ್ರ ಕೈ ನೋಡಿ ಬಂದೇನ್ರಿ ಈಗ. ಮೊಣಕೈ ಮಟ ಕೆಂಪಗದಾವು."

"ಅವರು ಕುಡಿಯೋದಿಲ್ಲಲ್ಲ ರೇಣವ್ವ," ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ನೀವು ಎಲ್ಲಿಗಿ ಹೊಂಟೀರಿ, ಏನು ಮಾಡಾಕ ಹೊಂಟೀರಿ, ತ್ವಾಟದಾಗ ಎಲ್ಲಾರಿಗೂ ಗೊತ್ತೈತ್ರಿ. ಲಿಂಗ ಕಟ್ಟಿದ ಸಾವಕಾರ್ರಿಗಿ ಸೆರೆ ಕುಡೀಬ್ಯಾಡ್ರಿ ಅಂತ ನಾ ಹ್ಯಾಂಗ ಹೇಳಲಿ? ಕಪಾಳಕ್ಕ ಹೊಡದಂಗ ಆಗತೈತಿ. ನೀವು ಓದಿದಾವರು, ಗೆಳ್ಯಾರು. ನೀವ ಹೇಳ್ರಿ."

ಹೇಳುತ್ತೇನೆ ಎಂದೆ. ಅವಳು ಹೋದ ಮೇಲೆ ಅರ್ಧ ತಾಸು ಆ ಹಾಳೆಯನ್ನು ಮುಂದಿಟ್ಟುಕೊಂಡು ಕೂತಿದ್ದೆ. ರವಿವಾರ ಒಂದು, ಸೋಮವಾರ ಎರಡು. ಗುರುವಾರ ಐದನೇ ದಿನ ಬರುತ್ತಿತ್ತು, ಎಂಟನೆಯದು ಮುಂದಿನ ರವಿವಾರ. ಸೋಮವಾರ ವೈನ್ ತೋಟಕ್ಕೆ ಹೋಗಿದ್ದರೆ ಮುಗಿದಿತ್ತು. ಅದಕ್ಕೆ ನಾನು ಶಾಲೆಗೆ ಎರಡು ದಿನದ ರಜೆ ಹಾಕಬೇಕಿತ್ತು, ಆ ಹಾಳೆಯನ್ನು ಹರಿದು ಇನ್ನೊಂದು ಬರೆಯಬೇಕಿತ್ತು. ನೂರಾರು ದಿನದ ರಜೆ ನನ್ನ ಹೆಸರಿನಲ್ಲಿ ಕೂಡಿಬಿದ್ದಿತ್ತು. ಆದರೂ ನಾನು ಹರಿಯಲಿಲ್ಲ. ಇವತ್ತಿಗೂ ಇದನ್ನು ನೆನೆದರೆ ನನಗೆ ನನ್ನ ಮುಖಕ್ಕೇ ಉಗುಳಬೇಕು ಅನಿಸುತ್ತದೆ.

ಅವರ ಮನೆಗೆ ಹೋದೆ, ಹೋಗಲಿಲ್ಲ ಎಂದಲ್ಲ. ಪಡಸಾಲೆಯಲ್ಲಿ ಚನ್ನವ್ವ ದಾರಿಗೆ ಬುತ್ತಿ ಕಟ್ಟುತ್ತಿದ್ದಳು. ಸಜ್ಜಿಯ ರೊಟ್ಟಿ, ಶೇಂಗಾ ಹಿಂಡಿ, ತ್ರ್ಯಂಬಕೇಶ್ವರನಿಗೆಂದು ಒದ್ದೆ ಅರಿವೆಯಲ್ಲಿ ಸುತ್ತಿದ ಬಿಲ್ವಪತ್ರಿ. ಬಸಂತರಾಯರು ಮದುಮಗನ ಹಾಗೆ ಹೊಸ ಅಂಗಿ ಹಾಕಿ ನೋಡುತ್ತಿದ್ದರು. ತೋಳಿನ ಗುಂಡಿ ಹಾಕಿ ಕೆಂಪು ಕಲೆ ಮುಚ್ಚಿಕೊಳ್ಳುವುದು ನನಗೆ ಕಂಡಿತು.

"ಇವರನ್ನ ಜ್ವಾಕಿಲೆ ಕರಕೊಂಡು ಹೋಗಿ ಬರ್ರಿ ಅಣ್ಣಾರ," ಅಂದಳು ಚನ್ನವ್ವ. "ಎರಡು ದಿನದಿಂದ ತಲಿ ನೋವು ಅಂತಾರ. ನಿಮ್ಮ ಕೂಡ ಹೊಂಟಾರಂತ ನನಗ ಚಿಂತಿ ಇಲ್ಲ."

ಅವಳ ಎದುರಿಗೆ ಆ ಮಾತು ಹೇಗೆ ಆಡುವುದು? ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿರಿ ಎಂದಷ್ಟೇ ಹೇಳಿ ಎದ್ದುಬಂದೆ. ದಾರಿಯಲ್ಲಿ ಹೇಳಿದರಾಯಿತು ಎಂದುಕೊಂಡೆ.

ಬುಧವಾರ ಜೀಪು ಸೊಗಸಾಗಿ ಓಡಿತು. ಸಂಗಮೇಶ ಒಳ್ಳೆಯ ಹುಡುಗ, ಇಪ್ಪತ್ತಾರರವ. ತಂದೆಗೆ ಬಿಸಿಲು ಬಡಿಯುತ್ತದೆಂದು ಕಿಟಕಿಗೆ ಟವೆಲ್ ಕಟ್ಟಿದ್ದ. ಬಸಂತರಾಯರು ದಾರಿಯುದ್ದಕ್ಕೂ ಮಾತಾಡಿದರು. ವೈನ್ ತೋಟದ ತೊಟ್ಟಿಗಳು ಎಷ್ಟು ದೊಡ್ಡವಿರಬಹುದು, ಹಣ್ಣು ಯಾವ ಹೊತ್ತಿಗೆ ಬಿಡಿಸುತ್ತಾರೆ, ರಸ ಎಷ್ಟು ದಿನ ಇಡುತ್ತಾರೆ. ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತ, ಹೇಳಬೇಕಾದ ಮಾತನ್ನು ಮುಂದಿನ ಊರಿಗೆ, ಅದರ ಮುಂದಿನ ಊರಿಗೆ ದೂಡುತ್ತ ಹೋದೆ.

ಅಹಮದನಗರ ದಾಟಿ ಚಹಾಕ್ಕೆ ನಿಂತೆವು. ಸಂಗಮೇಶ ಡೀಸೆಲ್ ಹಾಕಿಸಲು ಹೋದ. ಆಗ ಹೇಳಿದೆ. ರೇಣವ್ವ ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ.

ಬಸಂತರಾಯರು ಬಸಿಯಲ್ಲಿದ್ದ ಚಹಾ ಕುಡಿದು ಮುಗಿಸಿದರು. ಆಮೇಲೆ ನಕ್ಕರು.

"ಅದು ಸೆರೆ ಕುಡಿಯಾವರಿಗಿ ಹೇಳಿದ್ದಲ್ರಿ? ನಾವೇನು ಸೆರೆ ಕುಡಿಯಾಕ ಹೊಂಟೇವೇನು?"

ನಾನು ನನ್ನ ಬಸಿಗೆ ಉಳಿದ ಚಹಾ ಬಗ್ಗಿಸಿಕೊಂಡೆ.

ಅವರು ನಗುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. "ಮಾಸ್ತರ್ರ, ನೀವ ಹೇಳ್ರಿ. ವೈನು ಸೆರೆ ಹೌದೋ, ಅಲ್ಲೋ? ಹೌದಂದ್ರ ನಾ ಅದನ್ನ ಮುಟ್ಟಂಗಿಲ್ಲ. ಇವತ್ತೂ ಇಲ್ಲ, ಎಂದೂ ಇಲ್ಲ. ಬರೇ ತ್ವಾಟ ನೋಡಿ ಬರೂಣು."

ಒಂದೇ ಒಂದು ಮಾತು. ಹೌದು ಎಂದಿದ್ದರೆ ಸಾಕಾಗಿತ್ತು. ಆದರೆ ಹೌದು ಎಂದರೆ, ಇಷ್ಟು ದಿನ ನಿಮಗೆ ಸುಳ್ಳು ಹೇಳಿ, ನಿಮ್ಮ ವ್ರತ ಕೆಡಿಸಲು ಕರಕೊಂಡು ಹೊರಟಿದ್ದೆ ಎಂದು ಒಪ್ಪಿಕೊಂಡ ಹಾಗೆ. ಇಪ್ಪತ್ತು ವರ್ಷದ ಗೆಳೆಯನೆದುರು ನಾನು ಸಣ್ಣವನಾಗಲು ತಯಾರಿರಲಿಲ್ಲ. ರೇಣವ್ವನ ಮೈದುನ ಕುಡಿದದ್ದು ಬಾಟಲಿಗಟ್ಟಲೆ ಇರಬೇಕು, ಇವರು ನೋಡುವುದು ಎರಡು ಗುಟುಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

"ಸೆರೆ ಅಂತ ಅಲ್ರಿ," ಅಂದೆ. "ಆದ್ರ ಸ್ವಲ್ಪೇ ತಗೋರಿ."

"ಅಷ್ಟ ಮತ್ತ!" ಎಂದು ಅವರು ನನ್ನ ಬೆನ್ನಿಗೆ ಹೊಡೆದರು. ಸಂಗಮೇಶ ಜೀಪು ತಂದು ನಿಲ್ಲಿಸಿದ.

ಗುರುವಾರ ಎಲ್ಲವೂ ಹಾಳೆಯಲ್ಲಿ ಬರೆದಂತೆಯೇ ನಡೆಯಿತು. ತ್ರ್ಯಂಬಕದಲ್ಲಿ ಪಾಳಿ ಬೇಗ ಸರಿಯಿತು. ಮೂರಕ್ಕೆ ಹತ್ತು ನಿಮಿಷ ಇರುವಾಗ ವೈನ್ ತೋಟದ ಬಾಗಿಲಲ್ಲಿದ್ದೆವು. ಗುಡ್ಡದ ಇಳಿಜಾರಿನ ತುಂಬ ಬಳ್ಳಿಯ ಸಾಲು, ಕೆಳಗೆ ಕೆರೆಯ ನೀರು. ಬಸಂತರಾಯರು ಮೊದಲು ಮಾಡಿದ ಕೆಲಸ ಎಂದರೆ ಬಗ್ಗಿ ಮಣ್ಣು ಹಿಡಿದು ಬೆರಳಲ್ಲಿ ತಿಕ್ಕಿ ನೋಡಿದ್ದು. ಉಕ್ಕಿನ ತೊಟ್ಟಿಗಳ ನಡುವೆ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ನಡೆದರು, ಗುಡಿಯೊಳಗೆ ನಡೆಯುವವರ ಹಾಗೆ. ಸಂಗಮೇಶ ಹೊಸ ತಳಿ ನೋಡಲು ಹೋದ. ನಾವು ಮಾಳಿಗೆಯ ಮೇಲಿನ ಕೋಣೆಗೆ ಹತ್ತಿದೆವು.

ಒಂದು ಹಾಳೆಯ ಮೇಲೆ ಐದು ಗ್ಲಾಸು ಇಟ್ಟರು. ಪ್ರತಿಯೊಂದರಲ್ಲಿ ಎರಡು ಗುಟುಕಿನಷ್ಟು. ಹೇಗೆ ತಿರುಗಿಸಬೇಕು, ಹೇಗೆ ಮೂಸಬೇಕು ಎಂದು ಅಲ್ಲಿಯ ಹುಡುಗಿ ಮರಾಠಿಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ. ಬಸಂತರಾಯರು ಲಿಂಗವನ್ನು ಅಂಗಿಯೊಳಗೆ ಸರಿಸಿ, ಕಣ್ಣು ಮುಚ್ಚಿ ಮೂಸಿದರು.

"ಮಾಸ್ತರ್ರ, ಮಳಿ ಬಿದ್ದ ಮರುದಿನ ತ್ವಾಟ ಹಿಂಗ ವಾಸನಿ ಹೊಡಿತೈತಿ," ಅಂದರು.

ಕುಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಏನೂ ಆಗಲಿಲ್ಲ. ಎರಡನೆಯದನ್ನೂ ಕುಡಿದರು. ಹುಳಿ, ಒಗರು, ಕಡೆಗೊಂದು ಸಿಹಿ ಎಂದು ಲೆಕ್ಕ ಹೇಳಿ ಹುಡುಗಿಯನ್ನು ನಗಿಸಿದರು. ನನಗೆ ಜೀವ ಬಂದ ಹಾಗಾಯಿತು. ರೇಣವ್ವನ ಮೇಲೆ ಸಿಟ್ಟು ಕೂಡ ಬಂತು. ಸುಮ್ಮನೆ ಎರಡು ದಿನ ನನ್ನ ನೆಮ್ಮದಿ ಕೆಡಿಸಿದಳಲ್ಲ ಎಂದು. ನಾನೂ ನನ್ನ ಗ್ಲಾಸು ಎತ್ತಿಕೊಂಡೆ.

ಮೂರನೆಯದನ್ನು ಕೆಳಗಿಡುವಾಗ ಅವರ ಕಿವಿ ಕೆಂಪಾಗಿತ್ತು. ನೋಡುನೋಡುವಷ್ಟರಲ್ಲಿ ಕೆಂಪು ಕುತ್ತಿಗೆಗೆ ಇಳಿಯಿತು, ಹಣೆಗೆ ಏರಿತು, ವಿಭೂತಿಯ ಗೆರೆ ಎದ್ದು ಕಾಣತೊಡಗಿತು. ಮೊದಲ ಸಲ ಕುಡಿಯುವವರಲ್ಲಿ ಕೆಲವರಿಗೆ ಹೀಗಾಗುತ್ತದೆ, ನೀರು ಕುಡಿಯಲಿ ಎಂದಳು ಹುಡುಗಿ. ನಾನು ನೀರು ಕೊಟ್ಟೆ. ಗ್ಲಾಸು ಅವರ ಹಲ್ಲಿಗೆ ತಾಗಿ ಕಟಕಟ ಸದ್ದು ಮಾಡಿತು.

"ಎದಿ ಹಾರಾಕತ್ತೈತ್ರಿ," ಅಂದರು ಸಣ್ಣ ದನಿಯಲ್ಲಿ. ಕಣ್ಣಿನ ಬಿಳಿಯೂ ಕೆಂಪಾಗಿತ್ತು. "ಸಂಗ್ಯಾನ್ನ ಕರೀಬ್ಯಾಡ್ರಿ. ಅಂವ ನೋಡಬಾರದು."

ಅವರು ಮೇಜಿನ ಮೇಲೆ ಬಿದ್ದ ಮೇಲೆಯೇ ಸಂಗಮೇಶನನ್ನು ಕರೆಸಿದ್ದು. ಅವನೇ ತಂದೆಯನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲಿಳಿದ, ಅವನೇ ಜೀಪು ಓಡಿಸಿದ. ನಾನು ಹಿಂದೆ ಕೂತು ಬಸಂತರಾಯರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಅವರು ಉಸಿರಿಗಾಗಿ ಬಾಯಿ ತೆರೆಯುತ್ತಿದ್ದರು, ಮೈಯೆಲ್ಲ ಕುದಿಯುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಅವಸರದ ಮರಾಠಿಯಲ್ಲಿ ಕೇಳಿದರು: ಏನಾದರೂ ಔಷಧ ತೆಗೆದುಕೊಳ್ಳುತ್ತಾರೆಯೇ, ಮೈಗೆ ಏನಾದರೂ ಸೋಕಿದೆಯೇ? ಸಂಗಮೇಶ ಪಕ್ಕದಲ್ಲೇ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದ. ಎಲ್ಲಿಂದ ಶುರು ಮಾಡಲಿ? ಅವನ ತಂದೆ ಏನು ಕುಡಿದರು ಎನ್ನುವುದರಿಂದಲೇ, ನನಗೆ ಏನು ಗೊತ್ತಿತ್ತು ಎನ್ನುವುದರಿಂದಲೇ? ಸ್ವಲ್ಪ ವೈನು ಕುಡಿದರು, ಬೇರೆ ಏನೂ ಇಲ್ಲ ಎಂದುಬಿಟ್ಟೆ. ಡಾಕ್ಟರು ಒಳಗೆ ಓಡಿದರು.

ಹೊರಗಿನ ಬಾಕಿನ ಮೇಲೆ ಕೂತೆವು. ಸಂಗಮೇಶ ತಂದೆಯ ಟೊಪ್ಪಿಗೆಯನ್ನು ಮಡಿಚಿ ಬಿಚ್ಚಿ ಮಾಡುತ್ತಿದ್ದ. ಎದ್ದು ಹೋಗಿ ಆ ಬಾಗಿಲು ತಟ್ಟಿ ಹೇಳಬೇಕು ಎಂದು ನಾನು ಎರಡು ಸಲ ಎದ್ದೆ. ಎರಡು ಸಲವೂ ಅವನು ತಲೆ ಎತ್ತಿ ನೋಡಿದ. ಎರಡು ಸಲವೂ ಕೂತೆ. ನಲವತ್ತು ನಿಮಿಷ ಹೀಗೆ ಕಳೆದವು. ಮೂರನೇ ಸಲ ಎದ್ದಾಗ ಬಾಗಿಲು ತಾನಾಗಿ ತೆರೆಯಿತು.

ಡಾಕ್ಟರ ಮುಖ ನೋಡಿದೊಡನೆ ಸಂಗಮೇಶನಿಗೆ ತಿಳಿಯಿತು. ಗೋಡೆಗೆ ಆತು ನಿಂತವನು ನನ್ನ ಹೆಗಲ ಮೇಲೆ ಕೈ ಊರಿದ. ಅಷ್ಟು ದೊಡ್ಡ ಊರಿನಲ್ಲಿ ಅವನಿಗೆ ಆತುಕೊಳ್ಳಲು ನನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. "ಕಾಕಾ," ಅಂದ.

ಡಾಕ್ಟರು ನನ್ನ ಕಡೆ ತಿರುಗಿ, ಈಗ ನಿಧಾನವಾಗಿ, ಮರಾಠಿಯಲ್ಲೇ ಕೇಳಿದರು: ಹೃದಯ ನಿಂತಿತು. ಸ್ವಲ್ಪ ವೈನಿಗೆ ಹೀಗಾಗುವುದಿಲ್ಲ, ಮೊದಲೇ ಎದೆಯ ಬೇನೆ ಇರಬೇಕು. ಹೃದಯಾಘಾತ ಎಂದು ಬರೆಯಲೇ? ಅಥವಾ ನಿಮಗೆ ಗೊತ್ತಿರುವ ಬೇರೆ ಕಾರಣ ಏನಾದರೂ ಇದೆಯೇ?

ಆ ಪ್ರಶ್ನೆ ಪೂರ್ತಿ ತಿಳಿದದ್ದು ನನಗೊಬ್ಬನಿಗೇ. ಹಾಗೇ ಬರೆಯಿರಿ ಎಂದು ತಲೆ ಆಡಿಸಿದ್ದರೆ ಮುಗಿಯುತ್ತಿತ್ತು. ತೀರ್ಥಕ್ಷೇತ್ರಕ್ಕೆ ಹೋದವರು ದಾರಿಯಲ್ಲಿ ಎದೆ ಒಡೆದು ಹೋದರು ಎಂದು ಇಂಡಿಯ ಜನ ಕೈ ಮುಗಿಯುತ್ತಿದ್ದರು. ಚನ್ನವ್ವ ನನ್ನನ್ನು ಇನ್ನೂ ಅಣ್ಣಾರ ಎಂದೇ ಕರೆಯುತ್ತಿದ್ದಳು.

ನಾನು ಡಾಕ್ಟರ ಕಡೆ ನೋಡಲಿಲ್ಲ. ಉತ್ತರವನ್ನು ಕನ್ನಡದಲ್ಲಿ ಹೇಳಿದೆ.

"ಸಂಗಮೇಶ, ಪೇಸ್ಟ್ ಹಚ್ಚಿದವರು ಎಂಟು ದಿನ ಇದನ್ನ ಕುಡೀಬಾರದು. ಕುಡದ್ರ ಸಾಯ್ತಾರ. ನನಗ ಗೊತ್ತಿತ್ತು. ಮಂಗಳವಾರ ರೇಣವ್ವ ಬಂದು ಹೇಳಿದ್ಲು. ನಿಮ್ಮಪ್ಪ ದಾರ್ಯಾಗ ನನ್ನ ಕೇಳಿದ್ರು, ಇದು ಸೆರೆ ಹೌದೋ ಅಲ್ಲೋ ಅಂತ. ನಾ ಅಲ್ಲ ಅಂದೆ."

ಇವರು ಏನು ಹೇಳಿದರು ಎಂದು ಡಾಕ್ಟರು ಸಂಗಮೇಶನನ್ನು ಕೇಳಿದರು.

ಸಂಗಮೇಶ ನನ್ನ ಹೆಗಲ ಮೇಲಿಂದ ಕೈ ತೆಗೆದ.